ಟೈರಂಗಡಿಯ ಸೋನುನ್‌ಬುಬು ಘಾಟಿ ಹತ್ತಿದ್ದು

ಕಾರಾ-ಬಾಲ್ತಾ ಊರು ಮುಗಿದು ರಸ್ತೆ ಘಾಟಿಯ ಕಡೆ ಮುಖ ತಿರುಗಿಸುವಲ್ಲಿ ಸೋನುನ್‌ಬುಬುವಿನ ಟೈರಂಗಡಿ ಇದೆ. ಅಂಗಡಿ ಎಂದರೆ ಸರಕು ಸಾಗಿಸುವ ಎರಡು ಕಬ್ಬಿಣದ ಪೆಟ್ಟಿಗೆಗಳು, ಅವುಗಳ ನಡುವೆ ತಗಡಿನ ಮಾಡು, ಮಾಡಿನ ಕೆಳಗೆ ಒಲೆ, ಒಲೆಯ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಸೋನುನ್‌ಬುಬು. ಮೊದಲ ಹಿಮ ಬಿದ್ದ ದಿನ ಆ ಸ್ಟೂಲಿನಿಂದ ಹಿಡಿದು ಸಕ್ಕರೆ ಕಾರ್ಖಾನೆಯ ಗೇಟಿನವರೆಗೆ ಕಾರುಗಳ ಸಾಲು ನಿಲ್ಲುತ್ತದೆ. 'ನಾಳೆ ಹಾಕಿಸಿದರಾಯಿತು' ಎಂದು ತಿಂಗಳುಗಟ್ಟಲೆ ಬೇಸಿಗೆ ಟೈರಿನಲ್ಲೇ ಓಡಾಡಿದ ಗಂಡಸರೆಲ್ಲ ಆ ಒಂದು ಬೆಳಿಗ್ಗೆ ಒಟ್ಟಿಗೇ ಬುದ್ಧಿವಂತರಾಗಿಬಿಡುತ್ತಾರೆ.

ಸೋನುನ್‌ಬುಬು ಅವರನ್ನು ಸುಮ್ಮನೆ ಬಿಡುವವಳಲ್ಲ. ಕೇಳಿದ್ದನ್ನು ಕೊಟ್ಟು ಕಳಿಸುವುದು ಸಂತೆಯ ವ್ಯಾಪಾರ, ತನ್ನದು ಹಾಗಲ್ಲ ಎಂಬುದು ಅವಳ ಹೆಮ್ಮೆ. ಮೊದಲು ಎಲ್ಲಿಗೆ ಹೋಗುವವನು ಎಂದು ವಿಚಾರಿಸುತ್ತಾಳೆ. ಕೆಳಗಿನ ಬಯಲಿನಲ್ಲೇ ಬಿಷ್ಕೆಕ್‌ಗೆ ಹೋಗಿಬರುವವನಿಗೆ ಒಂದು ಟೈರು, ಘಾಟಿ ಹತ್ತಿ ಸುಸಾಮಿರ್ ಕಡೆ ಇಳಿಯುವವನಿಗೆ ಬೇರೆಯೇ ಟೈರು. ಗಾಡಿಯನ್ನು ಮುಂದಿನ ಚಕ್ರ ಎಳೆಯುತ್ತದೋ ಹಿಂದಿನದು ತಳ್ಳುತ್ತದೋ, ಒಳಗೆ ಮಕ್ಕಳು ಕೂರುತ್ತಾರೋ ಕುರಿಗಳೋ, ಹೊರಡುವುದು ಬಿಸಿಲೇರಿದ ಮೇಲೋ ಅದಕ್ಕೂ ಮುಂಚೆಯೋ, ಎಲ್ಲ ಬೇಕು ಅವಳಿಗೆ. ಬೇರೆಡೆ ಕೊಂಡ ಟೈರನ್ನು ಯಾರಾದರೂ ತಂದು ತೋರಿಸಿದರೆ ಒಂದು ಗಂಟೆ ಹಿಮದಲ್ಲಿ ಹೂತಿಟ್ಟು, ತೆಗೆದು, ಹೆಬ್ಬೆರಳಿನ ಉಗುರನ್ನು ಒತ್ತುತ್ತಾಳೆ. ಉಗುರು ಇಳಿದರೆ ಚಳಿಗಾಲದ ಟೈರು, ಇಳಿಯದೆ ಕಲ್ಲಿನಂತೆ ನಿಂತರೆ ಅದು ಹೂದೋಟಕ್ಕೆ ಬೇಲಿ ಕಟ್ಟಲು ಲಾಯಕ್ಕು. ಪಕ್ಕದಲ್ಲಿ ಅಚ್ಚು ಹಾಕಿರುವ ನಾಲ್ಕು ಅಂಕಿ ಓದಿ, ಯಾವ ವರ್ಷದ ಎಷ್ಟನೆಯ ವಾರ ಹುಟ್ಟಿದ್ದು ಎಂದು ಜಾತಕ ಹೇಳುತ್ತಾಳೆ. 'ಎಲ್ಲ ಕಾಲಕ್ಕೂ ಆಗುತ್ತದೆ' ಎಂದು ಬರೆದಿರುವ ಟೈರುಗಳನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಎಲ್ಲರಿಗೂ ಹೌದು ಎನ್ನುವವನು ಯಾರಿಗೂ ಆಗಿಬರುವುದಿಲ್ಲ ಎನ್ನುತ್ತಾಳೆ.

ಈ ಗುಣ ಬಂದದ್ದು ಅಪ್ಪನಿಂದ. ಅಪ್ಪ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವನು. ಚಳಿಗಾಲಕ್ಕೆ ಮೊಳೆ ಎದ್ದ ಲಾಳ, ಬೇಸಿಗೆಗೆ ಸಪಾಟು ಲಾಳ. ತಪ್ಪು ಲಾಳ ಕೇಳಿದವನ ಕುದುರೆಯನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಸೋನುನ್‌ಬುಬು ಮದುವೆಯಾಗಿ ಬಂದ ಮನೆಯಲ್ಲಿ ಕುದುರೆ ಇರಲಿಲ್ಲ, ಲಾರಿ ಇತ್ತು. ಗಂಡ ಕಾಯಿಲೆ ಬಿದ್ದಾಗ ಲಾರಿ ಮಾರಿದರು, ಮನೆಯಲ್ಲಿ ಮಿಕ್ಕಿದ್ದ ಐದು ಹೆಚ್ಚುವರಿ ಚಕ್ರಗಳನ್ನು ಅವಳು ರಸ್ತೆ ಬದಿ ಇಟ್ಟುಕೊಂಡು ಕೂತಳು. ಅಲ್ಲಿಂದ ಶುರುವಾದ ಅಂಗಡಿ. ಗಂಡ ತೀರಿಕೊಂಡು ವರ್ಷಗಳಾದವು, ಮಗ ಮಿರ್ಬೆಕ್ ಬೆಳೆದು ಟೈರು ಕೂರಿಸುವ ಯಂತ್ರದ ಮುಂದೆ ನಿಂತ, ಸೊಸೆ ಕುಂದುಜ್ ಬಂದು ಚಹಾದ ಪಾತ್ರೆಯನ್ನೂ ಗಿರಾಕಿಗಳ ಹರಟೆಯನ್ನೂ ವಹಿಸಿಕೊಂಡಳು. ಇಪ್ಪತ್ತೆರಡು ಚಳಿಗಾಲ ಘಾಟಿಯಿಂದ ಇಳಿದು ಬಂದ ಚಾಲಕರ ಮಾತು ಕೇಳಿ ಕೇಳಿ ಸೋನುನ್‌ಬುಬುವಿಗೆ ಅಲ್ಲಿನ ತಿರುವುಗಳೆಲ್ಲ ನೆಂಟರ ಮಕ್ಕಳಷ್ಟು ಪರಿಚಯ. ಯಾವುದು ಸೌಮ್ಯ, ಯಾವುದು ಮೋಸಗಾತಿ, ಯಾವುದರ ನೆರಳಿನಲ್ಲಿ ಏಪ್ರಿಲ್‌ವರೆಗೂ ಮಂಜುಗಡ್ಡೆ ಅವಿತಿರುತ್ತದೆ, ಎಲ್ಲ ಬಾಯಿಪಾಠ.

ಒಂದು ಮಾತ್ರ ಮನೆಯವರನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಸೋನುನ್‌ಬುಬುವಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಚಳಿಗಾಲದಲ್ಲಿ ಆ ಘಾಟಿಯನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಸ್ಟೇರಿಂಗ್ ಹಿಡಿಯುತ್ತೇನೆ ಎಂದಿದ್ದಳು. ಗಂಡ ನಕ್ಕಿದ್ದ. ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೂ ಅವಳು ಮತ್ತೆ ಕೇಳಲಿಲ್ಲ. ಆಮೇಲೆ ಅವಳ ಹೆಸರು ದೊಡ್ಡದಾಯಿತು, ದೊಡ್ಡ ಹೆಸರಿನವಳು ಐವತ್ತು ದಾಟಿದ ಮೇಲೆ ಕಲಿಯುತ್ತೇನೆ ಎನ್ನುವುದು ಹೇಗೆ. ಹೀಗೆ ಐವತ್ತೇಳಾಯಿತು.

ಆ ವರ್ಷ ನವೆಂಬರಿನ ಒಂದು ಗುರುವಾರ, ಸಾಲಿನಲ್ಲಿ ಒಂದು ಬಿಳಿ ವ್ಯಾನು ಬಂದು ನಿಂತಿತು. ಇಳಿದವನು ಎತ್ತರದ ಆಳು, ಬೂದು ಮೀಸೆ, ಕೋಟಿನಿಂದ ಮೇಣದ ವಾಸನೆ. ಹೆಸರು ಎಸೆನ್‌ಕುಲ್. ಘಾಟಿಯ ಆಚೆ ತೊಕ್ತೊಗುಲ್‌ನಲ್ಲಿ ಜೇನು ಸಾಕುವವನು, ವಾರಕ್ಕೊಮ್ಮೆ ಡಬ್ಬಗಳನ್ನು ಹೇರಿಕೊಂಡು ಬಿಷ್ಕೆಕ್‌ಗೆ ಹೋಗುವವನು. ಅವನ ಮುಂದಿದ್ದವನಿಗೆ ಸೋನುನ್‌ಬುಬು ಚೆನ್ನಾಗಿ ಮಂಗಳಾರತಿ ಮಾಡುತ್ತಿದ್ದಳು. ಎಸೆನ್‌ಕುಲ್ ಕೈಕಟ್ಟಿಕೊಂಡು ಅದನ್ನು ಪೂರ್ತಿ ಕೇಳಿಸಿಕೊಂಡ. ತನ್ನ ಸರದಿ ಬಂದಾಗ ವಿನಯದಿಂದ ಹೇಳಿದ:

"ಅಕ್ಕಾ, ಎರಡು ಟೈರು ಕೊಡಿ. ಹಿಂದಿನ ಚಕ್ರಕ್ಕೆ."

"ಯಾಕೆ, ಮುಂದಿನ ಎರಡು ಮಲತಾಯಿ ಮಕ್ಕಳಾ?"

"ಹಿಂದಿನದು ತಾನೇ ಗಾಡಿ ತಳ್ಳೋದು. ಮುಂದಿನದು ಸುಮ್ನೆ ಉರುಳುತ್ತೆ."

"ತಳ್ಳುತ್ತೆ, ಸರಿ. ತಿರುವಿನಲ್ಲಿ ತಿರುಗೋದು ಯಾವುದು, ನಿನ್ನ ಮೀಸೇನಾ? ಹಿಂದಿನ ಎರಡು ತಳ್ಳುತ್ತೆ, ಮುಂದಿನ ಎರಡು ಮಾತು ಕೇಳಲ್ಲ. ಜೇನು ಸಮೇತ ನೆಟ್ಟಗೆ ಹಳ್ಳಕ್ಕೆ ಹೋಗ್ತೀಯ. ನಾಲ್ಕು ತಗೋ, ಇಲ್ಲಾಂದ್ರೆ ಸಾಲು ಬಿಡು."

ಎಸೆನ್‌ಕುಲ್ ತಲೆ ತಗ್ಗಿಸಿ ನಾಲ್ಕು ಟೈರು ತೆಗೆದುಕೊಂಡ. ಮೊಳೆ ಇರುವುದೋ ಇಲ್ಲದ್ದೋ ಎಂಬ ಪ್ರಶ್ನೆ ಬಂತು. ಮೊಳೆ ಟೈರು ಗಟ್ಟಿ ಮಂಜುಗಡ್ಡೆಯ ಮೇಲೆ ಬೆಕ್ಕಿನಂತೆ ಕಚ್ಚುತ್ತದೆ, ಆದರೆ ಒದ್ದೆ ಡಾಂಬರಿನ ಮೇಲೆ ಹೈಹೀಲ್ಡ್ ಹಾಕಿದ ಮದುಮಗಳು. ವಾರ ವಾರ ಎರಡು ಘಾಟಿ ದಾಟುವವನಿಗೆ ಮೊಳೆಯೇ ಸರಿ, ಮೊದಲ ಐನೂರು ಕಿಲೋಮೀಟರು ಮೆಲ್ಲಗೆ ಓಡಿಸಿ ಮೊಳೆಗಳು ರಬ್ಬರಿನಲ್ಲಿ ಕೂರಲು ಬಿಡಬೇಕು ಎಂದು ಅವಳು ತೀರ್ಪು ಕೊಟ್ಟಳು. ಆಮೇಲೆ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಸರಪಳಿ. ಏಣಿಯಂತೆ ಅಡ್ಡಪಟ್ಟಿ ಇರುವ ಸರಪಳಿ ಅಗ್ಗ, ಏರು ಹತ್ತುವಾಗ ಚೆನ್ನಾಗಿ ಹಿಡಿಯುತ್ತದೆ. ಗಾಡಿ ಪಕ್ಕಕ್ಕೆ ಜಾರಿದರೆ ಮಾತ್ರ ತನಗೆ ಸಂಬಂಧವೇ ಇಲ್ಲ ಎಂದು ಸುಮ್ಮನಿದ್ದುಬಿಡುತ್ತದೆ. ಇನ್ನೊಂದು ಜೇನುಗೂಡಿನ ಹೆಣಿಗೆಯದು, ಯಾವ ಕಡೆ ಜಾರಿದರೂ ಅಡ್ಡ ಬರುತ್ತದೆ. ಜೇನುಗೂಡು ಎಂದು ಕೇಳಿದ್ದೇ ಎಸೆನ್‌ಕುಲ್ ಅದನ್ನು ಎದೆಗವಚಿಕೊಂಡ.

ಒಣ ನೆಲದ ಮೇಲೆ ಒಮ್ಮೆ ಕಟ್ಟಿ ತೋರಿಸದೆ ಸರಪಳಿ ಮಾರುವುದಿಲ್ಲ ಎಂಬುದು ಅಂಗಡಿಯ ನಿಯಮ. ಸೋನುನ್‌ಬುಬು ಮಂಡಿಯೂರಿ ಸರಪಳಿಯನ್ನು ಜಡೆ ಬಿಡಿಸುವಂತೆ ನೆಲದ ಮೇಲೆ ಹಾಸಿದಳು, ಗಂಟು ನೋಡಿದಳು, ಕೊಕ್ಕೆಯ ಬಾಯಿ ಹೊರಗಡೆಗೆ ಇರಬೇಕು, ಇಲ್ಲದಿದ್ದರೆ ರಬ್ಬರನ್ನು ಕೊರೆಯುತ್ತದೆ ಎಂದು ತೋರಿಸಿದಳು. ಮೊದಲು ಒಳಗಿನ ಕೊಕ್ಕೆ, ಆಮೇಲೆ ಹೊರಗಿನದು. ಹತ್ತು ಹೆಜ್ಜೆ ಗಾಡಿ ಓಡಿಸಿ ಇಳಿದು ಮತ್ತೆ ಬಿಗಿಯಬೇಕು. ನಲವತ್ತರ ಮೇಲೆ ಓಡಿಸಬಾರದು, ಡಾಂಬರು ಕಂಡ ಕೂಡಲೇ ಬಿಚ್ಚಬೇಕು. ಅಷ್ಟು ಹೇಳಿ ಅವನಿಗೆ ಕಟ್ಟು ಎಂದಳು. ಅವನು ಸರಪಳಿಯನ್ನು ತಿರುಚಿದ, ಬೆರಳು ಸಿಕ್ಕಿಸಿಕೊಂಡ, ಕೊಕ್ಕೆಯನ್ನು ಒಳಮುಖವಾಗಿ ಹಾಕಿದ, ಕೊನೆಗೆ ಕೋಟಿನ ತುದಿಯನ್ನೂ ಚಕ್ರಕ್ಕೆ ಸೇರಿಸಿ ಕಟ್ಟಿದ. ಇಂಥ ದಡ್ಡನನ್ನು ಇಪ್ಪತ್ತೆರಡು ವರ್ಷದಲ್ಲಿ ಕಂಡಿಲ್ಲ ಎಂದು ಅವಳು ಅವನ ಮುಖಕ್ಕೇ ಹೇಳಿದಳು. ಅವನು ತುಂಬ ಸಂತೋಷದಿಂದ ಹೊರಟುಹೋದ.

ಮುಂದಿನ ಗುರುವಾರ ಮತ್ತೆ ಬಂದ. ಸರಪಳಿ ಟಪಟಪ ಸದ್ದು ಮಾಡುತ್ತದೆಯಂತೆ. ಅವಳು ಬೈದು ಬಿಗಿಯುವುದು ಹೇಗೆಂದು ಮತ್ತೆ ತೋರಿಸಿದಳು, ಅವನು ಒಂದು ಸೀಸೆ ಜೇನು ಇಟ್ಟು ಹೋದ. ಅದರ ಮುಂದಿನ ವಾರ ಎಡದ ಕೊಕ್ಕೆ ಯಾವುದು ಬಲದ್ದು ಯಾವುದು ಎಂದು ಮರೆತುಹೋಗಿತ್ತು. ಆಮೇಲಿನ ವಾರ ಚಳಿಗೆ ಟೈರಿನ ಗಾಳಿ ಇಳಿದ ಹಾಗಿದೆ, ಕೈಯಿಟ್ಟು ನೋಡಿ ಎಂದ. ಚಳಿಗೆ ಗಾಳಿ ಇಳಿಯುವುದು ನಿಜವೇ. ಆದರೆ ಅದನ್ನು ನೋಡಲು ಗಾಳಿ ಅಳೆಯುವ ಮೀಟರು ಇದೆಯಲ್ಲ, ಅವಳ ಕೈಯೇ ಯಾಕೆ ಬೇಕು ಎಂದು ಮಿರ್ಬೆಕ್ ಕೇಳಲು ಹೋಗಿ ಹೆಂಡತಿಯಿಂದ ಮೊಣಕೈ ತಿವಿಸಿಕೊಂಡ.

ಕುಂದುಜ್‌ಳ ಕಣ್ಣಿಗೆ ಇನ್ನೂ ಕೆಲವು ಸಂಗತಿ ಬಿದ್ದಿದ್ದವು. ಮೂರನೆಯ ಗುರುವಾರದಿಂದ ಆ ಮನುಷ್ಯ ಅಕ್ಕಾ ಎನ್ನುವುದನ್ನು ಬಿಟ್ಟಿದ್ದ. ಅತ್ತೆ ಬುಧವಾರವೇ ಕೈಗೆ ಎಣ್ಣೆ ತಿಕ್ಕಿ ಟೈರಿನ ಕಪ್ಪು ಬಿಡಿಸಿಕೊಳ್ಳುತ್ತಿದ್ದಳು. ಘಾಟಿ ಮುಚ್ಚಿದೆ ಎಂದು ರೇಡಿಯೋದಲ್ಲಿ ಬಂದ ದಿನ ಎರಡು ಸಲ ಚಹಾಕ್ಕೆ ಉಪ್ಪು ಹಾಕಿದಳು, ಆಮೇಲೆ ಸಕ್ಕರೆಯನ್ನೂ ಹಾಕಿದಳು.

"ಅತ್ತೆ, ನಾಳೆ ಗುರುವಾರ," ಎಂದಳು ಕುಂದುಜ್ ಒಂದು ದಿನ. "ಆ ನೀಲಿ ಸ್ಕಾರ್ಫ್ ಇಸ್ತ್ರಿ ಮಾಡ್ಲಾ?"

"ಗುರುವಾರಕ್ಕೂ ಸ್ಕಾರ್ಫಿಗೂ ಏನೇ ಸಂಬಂಧ?"

"ಏನೂ ಇಲ್ಲ. ಸಂಬಂಧ ಆಗೋದು ಇನ್ನೂ ಬಾಕಿ ಇದೆ."

ಸೋನುನ್‌ಬುಬು ಚಿಮಟ ಎತ್ತಿದಳು, ಸೊಸೆ ಓಡಿದಳು. ಆದರೆ ಸ್ಕಾರ್ಫ್ ಇಸ್ತ್ರಿಯಾಯಿತು.

ಡಿಸೆಂಬರಿನ ಮೂರನೆಯ ಗುರುವಾರ ಎಡವಟ್ಟಾಯಿತು. ಅಂಗಡಿಯಲ್ಲಿ ಏಳೆಂಟು ಚಾಲಕರು ಚಹಾ ಕುಡಿಯುತ್ತಿದ್ದರು. ವ್ಯಾನು ತಿರುವಿನಲ್ಲಿ ಎಡಕ್ಕೆ ಎಳೆದ ಹಾಗಾಗುತ್ತದೆ, ಬಾಯಲ್ಲಿ ಹೇಳಿದರೆ ಗೊತ್ತಾಗುವುದಿಲ್ಲ, ನೀವೇ ಒಂದು ಸುತ್ತು ಓಡಿಸಿ ನೋಡಿ ಎಂದು ಎಸೆನ್‌ಕುಲ್ ಎಲ್ಲರ ಮುಂದೆ ಕೀಲಿಕೈಯನ್ನು ಅವಳ ಅಂಗೈಗೆ ಇಟ್ಟ. ಸೋನುನ್‌ಬುಬು ಮಂಡಿ ನೋವು ಎಂದಳು, ಗಿರಾಕಿಗಳಿದ್ದಾರೆ ಎಂದಳು. ಬರೀ ಒಂದು ಸುತ್ತು ಎಂದು ಅವನು ಮತ್ತೆ ಅಂದ. ಅವಳು ಕೀಲಿಕೈಯನ್ನು ಅವನ ಕಾಲ ಬಳಿ ಹಿಮಕ್ಕೆ ಎಸೆದು, ಕೆಲಸವಿಲ್ಲದವರು ಬಂದು ಕೂರಲು ಇದು ಛತ್ರವಲ್ಲ, ಇನ್ನು ಈ ಕಡೆ ಬರಬೇಡ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೈರುಗಳ ಕತ್ತಲೆಯಲ್ಲಿ ಕೂತು, ಮೀಸೆಯವನ ಮೇಲೆ ಬಂದಷ್ಟೇ ಸಿಟ್ಟು ತನ್ನ ಮೇಲೂ ಬಂದು, ಸ್ವಲ್ಪ ಅತ್ತಳು.

ಹೊರಗೆ ಹಿಮದಲ್ಲಿ ಕೀಲಿಕೈ ಹುಡುಕುತ್ತಿದ್ದವನಿಗೆ ಕುಂದುಜ್ ನಿಜ ಹೇಳಿಬಿಟ್ಟಳು. ಹೇಳಬಾರದಿತ್ತು, ಆದರೆ ಹೇಳಿದಳು. ಅವನು ಕೀಲಿಕೈ ಸಿಕ್ಕಿದ ಕೂಡಲೇ ಹೊರಟ.

ಮರುದಿನ ಶುಕ್ರವಾರ, ಬೆಳಿಗ್ಗೆ, ಇನ್ನೂ ಸಾಲು ಶುರುವಾಗುವ ಮೊದಲು ಬಿಳಿ ವ್ಯಾನು ಬಂತು. ಸೋನುನ್‌ಬುಬು ಸ್ಟೂಲಿನಿಂದ ಏಳಲಿಲ್ಲ. ಎಸೆನ್‌ಕುಲ್ ಸರಪಳಿಯ ಚೀಲ ತೆಗೆದ. ಅವಳ ಕಡೆ ಮುಖ ಮಾಡಿ, ಚಕ್ರದ ಕಡೆಗೆ ಕಣ್ಣೂ ಹಾಯಿಸದೆ, ಬೆನ್ನ ಹಿಂದಿನ ಕೈಯಿಂದ ಎಂಬಂತೆ ಸರಪಳಿಯನ್ನು ಎಸೆದು, ಎಳೆದು, ಒಳಗಿನ ಕೊಕ್ಕೆ ಹೊರಗಿನ ಕೊಕ್ಕೆ ಎರಡನ್ನೂ ಸಿಕ್ಕಿಸಿ ಬಿಗಿದ. ಒಂದು ಚಕ್ರ, ಇನ್ನೊಂದು ಚಕ್ರ. ಒಲೆಯ ಮೇಲಿನ ಚಹಾ ಉಕ್ಕುವಷ್ಟರಲ್ಲಿ ಮುಗಿದಿತ್ತು.

"ಮೂವತ್ತೊಂದು ವರ್ಷದಿಂದ ಕಟ್ತಾ ಇದೀನಿ," ಎಂದ. "ನೀವು ಓಡಿಸೋಕೆ ಬರಲ್ಲ ಅನ್ನೋದನ್ನ ಮುಚ್ಚಿಟ್ರಿ, ನಾನು ಕಟ್ಟೋಕೆ ಬರುತ್ತೆ ಅನ್ನೋದನ್ನ ಮುಚ್ಚಿಟ್ಟೆ. ಸರಿಹೋಯ್ತಲ್ಲ."

"ಮತ್ತೆ ಆ ಎರಡು ಟೈರಿನ ಕಥೆ?"

"ನಾಲ್ಕು ತಗೊಳ್ಳೋಕೇ ಬಂದಿದ್ದೆ. ನನ್ನ ಮುಂದಿದ್ದವನಿಗೆ ನೀವು ಬೈಯೋದು ಕೇಳಿದೆ. ನನಗೂ ಬೈಸ್ಕೋಬೇಕು ಅನ್ನಿಸ್ತು."

ಸೋನುನ್‌ಬುಬು ಅವನನ್ನು ನೋಡಿದಳು. ಮೊದಲು ಮೂಗಿನಿಂದ ಒಂದು ಸದ್ದು ಬಂತು, ಆಮೇಲೆ ಭುಜ ಕುಣಿಯಿತು, ಆಮೇಲೆ ಸ್ಟೂಲು ಹಿಂದಕ್ಕೆ ವಾಲಿ ಅವಳು ಟೈರಿನ ರಾಶಿಗೆ ಒರಗಿ ಕಣ್ಣೀರು ಬರುವಂತೆ ನಕ್ಕಳು. ಏಳು ಗುರುವಾರದ ದಡ್ಡತನವನ್ನು ಒಂದೊಂದಾಗಿ ನೆನೆಸಿಕೊಂಡು ನಕ್ಕಳು. ಕೋಟು ಸೇರಿಸಿ ಕಟ್ಟಿದ್ದೂ ಸುಳ್ಳೇ ಎಂದು ಕೇಳಿದಳು. ಅದೊಂದು ಮಾತ್ರ ನಿಜ, ಮುಖ ನೋಡುತ್ತ ಕಟ್ಟಿದ್ದಕ್ಕೆ ಹಾಗಾಯಿತು ಎಂದ.

ಜನವರಿಯಲ್ಲಿ ಅವಳು ಊರಿನ ಚಾಲನೆ ಶಾಲೆಗೆ ಹೆಸರು ಬರೆಸಿದಳು. ತರಗತಿಯಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗಿಯರ ನಡುವೆ ಕೂತು, ಟೈರಿನ ಪಾಠ ಬಂದ ದಿನ ಗುರುವನ್ನೇ ಬೆಂಚಿಗೆ ಕಳಿಸಿ ತಾನು ಪಾಠ ಮಾಡಿದಳು. ಭಾನುವಾರಗಳಂದು ಎಸೆನ್‌ಕುಲ್ ಬರುತ್ತಿದ್ದ. ಮಿರ್ಬೆಕ್‌ನ ಹಳೆಯ ನಿವಾ ಕಾರನ್ನು ಊರಾಚೆಯ ಸಕ್ಕರೆಗೆಡ್ಡೆಯ ಹೊಲಕ್ಕೆ ಒಯ್ಯುತ್ತಿದ್ದರು. ಗೆಡ್ಡೆ ಕಿತ್ತು ಖಾಲಿಯಾದ ಹೊಲ, ಮೇಲೆ ಗಟ್ಟಿಯಾದ ಹಿಮ, ಡಿಕ್ಕಿ ಹೊಡೆಯಲು ಒಂದು ಕಾಗೆಯೂ ಇಲ್ಲ.

ಮೊದಲ ದಿನ ನಾಲ್ಕು ಸಲ ಎಂಜಿನ್ ಆರಿಸಿದಳು. ಮೂರನೆಯ ಭಾನುವಾರ ಎಸೆನ್‌ಕುಲ್ ಒಂದು ವಿಚಿತ್ರ ಪಾಠ ಕೊಟ್ಟ. ಘಾಟಿಯಲ್ಲಿ ಒಂದಲ್ಲ ಒಂದು ದಿನ ಜಾರುವುದು ಇದ್ದೇ ಇದೆ, ಅದಕ್ಕೇ ಇಲ್ಲಿ ಬೇಕೆಂದೇ ಜಾರಬೇಕು. ವೇಗ ಹಿಡಿದು, ಸ್ಟೇರಿಂಗ್ ತಿರುಗಿಸಿ, ಬ್ರೇಕ್ ಒತ್ತು ಎಂದ. ಅವಳು ಒತ್ತಿದಳು. ಹಿಂಭಾಗ ತಾನೇ ಮುಂದೆ ಬರುತ್ತೇನೆಂದು ಹೊರಟಿತು, ಹೊಲ ತಿರುಗಿತು, ಬೆಟ್ಟ ತಿರುಗಿತು, ಕಾರ್ಖಾನೆಯ ಚಿಮಣಿ ಎರಡು ಸಲ ಕಿಟಕಿಯಲ್ಲಿ ಹಾದುಹೋಯಿತು, ಹಿಮದ ಪುಡಿ ಎದ್ದು ಏನೂ ಕಾಣದಾಯಿತು. ಕಾರು ನಿಂತಾಗ ಎಸೆನ್‌ಕುಲ್‌ನ ಟೋಪಿ ಹಿಂದಿನ ಸೀಟಿನಲ್ಲಿತ್ತು. ಸೋಡಾ ಸೀಸೆ ಒಡೆದ ಹಾಗೆ ಸೋನುನ್‌ಬುಬುವಿಗೆ ಖುಷಿ ಉಕ್ಕುತ್ತಿತ್ತು. ಹದಿನಾರನೆಯ ವಯಸ್ಸಿನಲ್ಲಿ ಅಪ್ಪನಿಗೆ ಹೇಳದೆ ಲಗಾಮಿಲ್ಲದ ಕುದುರೆ ಹತ್ತಿದ ದಿನ ಇಂಥದ್ದೇ ಆಗಿತ್ತು.

"ಇನ್ನೊಂದು ಸಲ," ಎಂದಳು.

ಆ ದಿನ ಹನ್ನೊಂದು ಸಲ ತಿರುಗಿದರು. ಏಳನೆಯದಕ್ಕೆ ಬ್ರೇಕಿನಿಂದ ಕಾಲು ತೆಗೆದು, ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿದರೆ ಗಾಡಿ ಮಾತು ಕೇಳುತ್ತದೆ ಎಂಬುದು ಅವಳ ಕೈಗೇ ಗೊತ್ತಾಯಿತು. ಮಿಕ್ಕ ನಾಲ್ಕು ಬರೀ ಖುಷಿಗೆ. ಮನೆಗೆ ಬಂದ ಅತ್ತೆಯ ಕಾಲು ನೆಲಕ್ಕೆ ತಾಗುತ್ತಿಲ್ಲ, ಕುಡಿದಿದ್ದಾಳೇನೋ ಎಂದು ಕುಂದುಜ್ ಬಾಯಿ ಮೂಸಿ ನೋಡಿದಳಂತೆ.

ಮಾರ್ಚ್ ನಡುವಿನಲ್ಲಿ ಪರೀಕ್ಷೆ. ಕಾರು ಹತ್ತಿದ ಅಧಿಕಾರಿ ಅವಳ ಗುರುತು ಹಿಡಿದು, ತನ್ನ ಕಾರಿಗೆ ಮುಂದಿನ ವರ್ಷ ಯಾವ ಟೈರು ಹಾಕಿಸಲಿ ಎಂದು ಕೇಳುತ್ತಾ ಹೋದ. ಚಳಿಗಾಲ ಮುಗಿಯುವಾಗ ಕೇಳುವವನನ್ನು ಇವತ್ತೇ ಕಂಡೆ ಎಂದು ಅವಳು ಅವನಿಗೂ ಬೈದಳು. ಬೈಯುತ್ತಲೇ ಗಾಡಿಯನ್ನು ಎರಡು ಕಂಬಗಳ ನಡುವೆ ಹಿಮ್ಮುಖವಾಗಿ ಕೂದಲೆಳೆಯಷ್ಟೂ ತಾಗದಂತೆ ನಿಲ್ಲಿಸಿದಳು. ಪಾಸಾದಳು.

ಘಾಟಿ ಹತ್ತುವ ದಿನ ನಿಶ್ಚಯವಾಯಿತು. ವಸಂತದ ಹೊಸ ವರ್ಷ, ನೂರೂಜ್ ಹಬ್ಬ ಆದ ಮೂರನೆಯ ದಿನ. ಕೆಳಗೆ ವಸಂತ, ಮೇಲೆ ಮಾತ್ರ ಇನ್ನೂ ಹಸಿ ಹಿಮ ಸುರಿಯುತ್ತಿತ್ತು. ಆಗ ಯಾರೂ ಎಣಿಸಿರದ ಒಂದು ತಮಾಷೆ ಶುರುವಾಯಿತು. ಸಾವಿರಾರು ಜನರಿಗೆ ಒಂದೊಂದು ನಿಮಿಷದಲ್ಲಿ ಟೈರು ಆರಿಸಿಕೊಟ್ಟ ಸೋನುನ್‌ಬುಬುವಿಗೆ ತನಗೆ ಯಾವುದು ಎಂದು ತೀರ್ಮಾನಿಸಲು ಆಗಲಿಲ್ಲ. ಮೊದಲು ಮೊಳೆಯದು ಎಂದಳು. ಮಿರ್ಬೆಕ್ ಹಾಕಿದ. ಅರ್ಧ ದಾರಿ ಒದ್ದೆ ಡಾಂಬರು, ಮೊಳೆ ಜಾರುತ್ತದೆ ಎಂದು ತೆಗೆಸಿದಳು. ಮೊಳೆಯಿಲ್ಲದ ಮೆದು ರಬ್ಬರಿನದು ಹಾಕಿಸಿ ಎರಡು ಸುತ್ತು ಬಂದು, ಮೇಲೆ ಕನ್ನಡಿಯಂಥ ಮಂಜುಗಡ್ಡೆ ಇದ್ದರೆ ಎಂದಳು. ಮತ್ತೆ ಮೊಳೆ. ಮಧ್ಯಾಹ್ನ ಬಿಸಿಲು ಬಂತು, ಮತ್ತೆ ಮೆದು. ಮಿರ್ಬೆಕ್ ಎರಡು ದಿನದಲ್ಲಿ ಹದಿನಾರು ಚಕ್ರ ಬಿಚ್ಚಿ ಹದಿನಾರು ಕಟ್ಟಿದ.

"ಅಮ್ಮ," ಎಂದ ಕೊನೆಗೆ, "ನಿನ್ನಂಥ ಗಿರಾಕಿ ಬಂದ್ರೆ ನೀನು ಏನಂತಿದ್ದೆ?"

ಸೋನುನ್‌ಬುಬು ಯೋಚಿಸಿದಳು. ಎಲ್ಲಿಗೆ ಹೋಗುತ್ತೀ, ಯಾವ ಹೊತ್ತಿಗೆ, ಯಾರು ಜೊತೆಗೆ ಎಂದು ತನ್ನನ್ನೇ ಕೇಳಿಕೊಂಡಳು. ವಸಂತದ ದಿನ, ಹಗಲು, ಹಸಿ ಹಿಮ, ಕೆಳಗೆಲ್ಲ ಡಾಂಬರು. ಮೆದು ರಬ್ಬರು, ನಾಲ್ಕೂ ಒಂದೇ ಜಾತಿಯದು. ನಾಲ್ಕೂ ಚಕ್ರ ಎಳೆಯುವ ಗಾಡಿಯಾದ್ದರಿಂದ ಡಿಕ್ಕಿಯಲ್ಲಿ ಎರಡು ಜೊತೆ ಜೇನುಗೂಡಿನ ಸರಪಳಿ, ಒಂದು ಸಲಿಕೆ, ಮಂಡಿಯೂರಲು ಹಳೆಯ ಕಂಬಳಿ. ಹೇಳಿದ ಮೇಲೆ ಬದಲಾಯಿಸಲಿಲ್ಲ. ಅರ್ಧ ನಿಮಿಷವೂ ಆಗಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟರು. ಪಕ್ಕದಲ್ಲಿ ಎಸೆನ್‌ಕುಲ್, ಹಿಂದೆ ಮಡಿಲಲ್ಲಿ ಬೂರ್ಸೋಕಿನ ಚೀಲ ಇಟ್ಟುಕೊಂಡ ಕುಂದುಜ್. ಹಬ್ಬಕ್ಕೆ ಕರಿದ ಆ ಹಿಟ್ಟಿನ ಉಂಡೆಗಳನ್ನು ದಾರಿಯುದ್ದಕ್ಕೂ ಮೂವರೂ ಮೆಲ್ಲುತ್ತಾ ಹೋದರು. ಕಣಿವೆ ಇಕ್ಕಟ್ಟಾಯಿತು, ಹೊಳೆ ಪಕ್ಕಕ್ಕೆ ಬಂತು, ರಸ್ತೆ ಅಂಚಿನಲ್ಲಿ ಹಿಮ ಗೋಡೆಯಾಗತೊಡಗಿತು. ಬಂಡೆಯ ನೆರಳಿನ ಒಂದು ತಿರುವಿನಲ್ಲಿ ಒದ್ದೆಯಂತೆ ಕಂಡದ್ದು ಒದ್ದೆಯಾಗಿರಲಿಲ್ಲ. ಹಿಂದಿನ ಚಕ್ರಗಳು ಪಕ್ಕಕ್ಕೆ ಸರಿದವು. ಎಸೆನ್‌ಕುಲ್‌ನ ಕೈ ಎದ್ದಿತು, ಆದರೆ ಸ್ಟೇರಿಂಗ್ ಮುಟ್ಟಲಿಲ್ಲ. ಸೋನುನ್‌ಬುಬುವಿನ ಕಾಲು ಬ್ರೇಕನ್ನು ಬಿಟ್ಟುಕೊಟ್ಟಿತು, ಕೈ ಜಾರಿದ ಕಡೆಗೆ ಒಂದು ಗೇಣು ತಿರುಗಿ ಮರಳಿತು. ನಿವಾ ಒಮ್ಮೆ ಬಾಲ ಅಲ್ಲಾಡಿಸಿ ನೆಟ್ಟಗಾಯಿತು. ಬೂರ್ಸೋಕುಗಳು ಮಾತ್ರ ಎಲ್ಲೆಡೆ ಹಾರಿದ್ದವು, ಒಂದು ಎಸೆನ್‌ಕುಲ್‌ನ ಕಾಲರಿನೊಳಗೆ ಹೋಗಿತ್ತು. ಕುಂದುಜ್ ಪ್ರಾರ್ಥನೆ ಶುರು ಮಾಡಿ ನಗುತ್ತಾ ನಿಲ್ಲಿಸಿದಳು.

ಕೊನೆಯ ಏರಿನ ಬುಡದಲ್ಲಿ ಗಾಡಿಗಳ ಸಾಲು ನಿಂತಿತ್ತು. ಮೇಲೆ ಹಿಮ ತಳ್ಳುವ ಯಂತ್ರ ಕೆಲಸ ಮಾಡುತ್ತಿದೆ, ದಾರಿ ಬಿಟ್ಟ ಮೇಲೂ ಸರಪಳಿ ಕಟ್ಟಿದವರಿಗೆ ಮಾತ್ರ ಪ್ರವೇಶ ಎಂದು ಗೇಟಿನ ಕಾವಲಿನವನು ಹೇಳಿದ. ಸೋನುನ್‌ಬುಬು ಇಳಿದು ತನ್ನ ನಾಲ್ಕು ಚಕ್ರಕ್ಕೆ ತಾನೇ ಕಟ್ಟಿದಳು. ಎಸೆನ್‌ಕುಲ್‌ಗೆ ಮುಟ್ಟಲು ಬಿಡಲಿಲ್ಲ. ಆಮೇಲೆ ತಲೆಯೆತ್ತಿ ನೋಡಿದರೆ ಸಾಲಿನ ಉದ್ದಕ್ಕೂ ಜನ ಚಕ್ರಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಒದ್ದಾಡುತ್ತಿದ್ದಾರೆ, ಅದರಲ್ಲಿ ಅರ್ಧ ಜನ ಅವಳ ಗಿರಾಕಿಗಳು. ಒಬ್ಬ ಮಿನಿಬಸ್ಸಿನವನ ಸರಪಳಿ ಮೂರು ವರ್ಷದ ಹಿಂದೆ ಅವಳು ಕೊಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಗೆಯೇ ಸೀಲಾಗಿತ್ತು.

"ಇದೇನು ಮದುವೆ ಉಡುಗೊರೆನಾ," ಎಂದಳು, "ಬಿಚ್ಚದೆ ಪೆಟ್ಟಿಗೇಲಿ ಇಟ್ಕೊಳ್ಳೋಕೆ?"

ಸಾಲಿನ ಕೊನೆಯವರೆಗೂ ನಡೆದಳು. ಗಂಟು ಬಿಡಿಸಿದಳು, ಕೊಕ್ಕೆ ತಿರುಗಿಸಿದಳು, ಮುಂದಿನ ಚಕ್ರ ಎಳೆಯುವ ಗಾಡಿಗೆ ಹಿಂದೆ ಕಟ್ಟಿದ್ದವನಿಂದ ಬಿಚ್ಚಿಸಿ ಮುಂದೆ ಕಟ್ಟಿಸಿದಳು. ಎಸೆನ್‌ಕುಲ್ ಸಲಿಕೆ ಹಿಡಿದು, ಕುಂದುಜ್ ಮಿಕ್ಕ ಬೂರ್ಸೋಕು ಹಿಡಿದು ಹಿಂದೆ ಬಂದರು. ಮಿನಿಬಸ್ಸಿನವನು ಗೌರವದಿಂದ, ನೀವು ಈ ಘಾಟಿ ಎಷ್ಟು ಸಲ ದಾಟಿದೀರಿ ಅಕ್ಕಾ ಎಂದು ಕೇಳಿದ. ಸೋನುನ್‌ಬುಬು ಒಂದು ಕ್ಷಣ ಎಸೆನ್‌ಕುಲ್‌ನ ಮುಖ ನೋಡಿದಳು. ಆಮೇಲೆ ಸಾಲಿಗೆಲ್ಲ ಕೇಳಿಸುವಂತೆ ಹೇಳಿದಳು:

"ಇದೇ ಮೊದಲ ಸಲ. ಲೈಸೆನ್ಸ್ ಬಂದು ಹತ್ತು ದಿನ ಆಯ್ತು."

ಮಿನಿಬಸ್ಸಿನೊಳಗಿನ ಒಬ್ಬ ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಗಲು ಶುರು ಮಾಡಿದಳು. ನಗು ಗಾಡಿಯಿಂದ ಗಾಡಿಗೆ ಹಿಡಿಯಿತು. ಇಪ್ಪತ್ತೆರಡು ವರ್ಷದಿಂದ ನಮ್ಮನ್ನು ಮುಂದೆ ಕಳಿಸಿ ಪರೀಕ್ಷೆ ಮಾಡುತ್ತಿದ್ದೆಯಲ್ಲ, ಇವತ್ತು ನೀನೇ ಮುಂದೆ ಹೋಗು ಎಂದು ಒಬ್ಬ ಕೂಗಿದ. ಆ ಮಾತು ಎಲ್ಲರಿಗೂ ಹಿಡಿಸಿತು. ಗೇಟು ತೆರೆದಾಗ ಒಬ್ಬೊಬ್ಬರೂ ಬದಿಗೆ ಸರಿದು ನಿವಾಕ್ಕೆ ದಾರಿ ಬಿಟ್ಟರು.

ಹಾಗೆ ಸೋನುನ್‌ಬುಬು ಇಪ್ಪತ್ತಾರು ಗಾಡಿಗಳ ಮೆರವಣಿಗೆಯ ಮುಂದೆ ಘಾಟಿ ಹತ್ತಿದಳು. ಗಂಟೆಗೆ ಇಪ್ಪತ್ತೈದು ಕಿಲೋಮೀಟರು. ಸರಪಳಿಗಳು ಹಿಮವನ್ನು ಕರಕರ ಕಡಿಯುತ್ತಿದ್ದವು. ಮೊದಲ ತಿರುವು, ಎರಡನೆಯದು, ಬಾಯಿಪಾಠವಾಗಿದ್ದವೆಲ್ಲ ಒಂದೊಂದಾಗಿ ಮೈ ತಳೆದು ಎದುರಿಗೆ ಬರುತ್ತಿದ್ದವು. ಇದು ಆ ಸೌಮ್ಯದ್ದು, ಇದು ಮೋಸಗಾತಿ ಎಂದು ಅವಳು ಜೋರಾಗಿಯೇ ಹೇಳುತ್ತಾ ಹೋದಳು. ಒಂದೆರಡು ಕಡೆ ಚಾಲಕರು ಹೇಳಿದ್ದು ಶುದ್ಧ ಸುಳ್ಳೆಂದೂ ಗೊತ್ತಾಯಿತು. ಕೆಳಗೆ ನೋಡಿದರೆ ಹತ್ತಿ ಬಂದ ದಾರಿ ಬಿದ್ದ ರಿಬ್ಬನ್ನಿನಂತೆ ಮಡಿಚಿಕೊಂಡಿತ್ತು, ಅದರ ಮೇಲೆ ಗಾಡಿಗಳು ಮಣಿ ಪೋಣಿಸಿದಂತೆ ಬರುತ್ತಿದ್ದವು. ಪ್ರತಿ ತಿರುವಿಗೂ ಹಿಂದಿನವರು ಹಾರ್ನ್ ಹೊಡೆದರು. ಕುಂದುಜ್ ಹಾಡು ಶುರು ಮಾಡಿದಳು. ಎಸೆನ್‌ಕುಲ್ ಶ್ರುತಿಯಿಲ್ಲದೆ ಸೇರಿಕೊಂಡ.

ಘಾಟಿಯ ನೆತ್ತಿಯಲ್ಲಿರುವ ಸುರಂಗದ ಬಾಯಿಯಲ್ಲಿ ಸರಪಳಿ ಬಿಚ್ಚಿ, ಕತ್ತಲೆಯಲ್ಲಿ ಮೆಲ್ಲಗೆ ಸಾಗಿ ಆಚೆ ತುದಿಗೆ ಬಂದರೆ, ಬೆಳಕು ಕಣ್ಣಿಗೆ ಹೊಡೆಯಿತು. ಮೋಡ ಆಚೆಯೇ ಉಳಿದಿತ್ತು. ಸುಸಾಮಿರ್ ಬಯಲು ಒಂದು ಗೆರೆಯೂ ಇಲ್ಲದೆ ಬೆಳ್ಳಗೆ ಬಿದ್ದುಕೊಂಡಿತ್ತು. ಸೋನುನ್‌ಬುಬು ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದಳು. ಇಪ್ಪತ್ತಾರು ಗಾಡಿಗಳೂ ಕೈಬೀಸುತ್ತಾ ದಾಟಿಹೋದವು, ಮಿನಿಬಸ್ಸಿನ ಮುದುಕಿ ಕಿಟಕಿಯಿಂದ ಮುತ್ತು ಎಸೆದಳು. ಸೋನುನ್‌ಬುಬು ಮಾತಾಡಲು ಹೋದಳು, ನಗು ಬಂತು. ನಗು ನಿಲ್ಲಿಸಲು ಹೋಗಿ ಬಿಕ್ಕಳಿಕೆ ಹಿಡಿಯಿತು. ಕೊನೆಗೆ ಒಂದು ಹಿಡಿ ಹಿಮ ತಿಂದು ಬಿಕ್ಕಳಿಕೆ ನಿಲ್ಲಿಸಿಕೊಂಡು ಕೇಳಿದಳು:

"ತೊಕ್ತೊಗುಲ್‌ಗೆ ಇನ್ನೊಂದು ಘಾಟಿ ಇದೆ ಅಲ್ವಾ? ಅದು ಎಷ್ಟು ತಿರುವು?"

"ಇದರಷ್ಟಿಲ್ಲ. ಯಾಕೆ?"

"ನಿನ್ನ ಮನೆ ನೋಡ್ಬೇಕು. ಅಡುಗೆಮನೆ ಸರಿ ಇದ್ರೆ ಮದುವೆ ಆಗೋಣ. ಸರಿ ಇಲ್ಲಾಂದ್ರೂ ಆಗೋಣ, ಆದ್ರೆ ರಿಪೇರಿ ನಿನ್ನದು."

ಎಸೆನ್‌ಕುಲ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ನಾಲ್ಕು ತಿಂಗಳಿಂದ ಮಾತು ಜೋಡಿಸುತ್ತಿದ್ದೆ, ಇವಳು ನನ್ನ ಸರದಿಯನ್ನೂ ಹಾರಿಸಿ ಮುಂದೆ ಹೋದಳು ಎಂದು ಕುಂದುಜ್‌ಳ ಹತ್ತಿರ ದೂರು ಹೇಳಿದ. ಕುಂದುಜ್ ಅಷ್ಟರಲ್ಲಿ ಗಂಡನಿಗೆ ಫೋನು ಮಾಡಿ ಆಗಿತ್ತು.

ಮೇ ತಿಂಗಳಲ್ಲಿ ನಿಕಾಹ್ ಆಯಿತು. ದೊಡ್ಡ ಸಂಭ್ರಮವೇನೂ ಬೇಡವೆಂದಿದ್ದರೂ ಮೂವತ್ತಕ್ಕೂ ಹೆಚ್ಚು ಚಾಲಕರು ಕರೆಯದೆ ಬಂದರು. ಅಡುಗೆಮನೆ ಸರಿ ಇರಲಿಲ್ಲ, ರಿಪೇರಿ ಮಾಡಿಸಿದ. ಈಗ ಇಬ್ಬರೂ ಬೇಸಿಗೆ ತೊಕ್ತೊಗುಲ್‌ನಲ್ಲಿ ಜೇನಿನ ಪೆಟ್ಟಿಗೆಗಳ ನಡುವೆ, ಚಳಿಗಾಲ ಟೈರುಗಳ ನಡುವೆ. ಹೋದ ಚಳಿಗಾಲ ಅವಳು ಘಾಟಿಯನ್ನು ಹತ್ತೊಂಬತ್ತು ಸಲ ದಾಟಿದಳು, ಅದರಲ್ಲಿ ಹದಿನೇಳು ಸಲ ಆಚೆ ಯಾವ ಕೆಲಸವೂ ಇರಲಿಲ್ಲ. ಮೊದಮೊದಲು ಪಕ್ಕದಲ್ಲಿ ಕೂತು ಕೈ ಬಿಗಿ ಹಿಡಿಯುತ್ತಿದ್ದ ಎಸೆನ್‌ಕುಲ್ ಈಗ ಕಣಿವೆ ಶುರುವಾಗುವಷ್ಟರಲ್ಲಿ ಸೀಟು ಹಿಂದಕ್ಕೆ ಮಾಡಿಕೊಂಡು, ಬಾಯಿ ತೆರೆದು, ಸುರಂಗ ದಾಟುವವರೆಗೂ ಗೊರಕೆ ಹೊಡೆಯುತ್ತಾನೆ.